ಬರೋಬ್ಬರಿ

ಗದಗದ ಸಂತೆಯಲ್ಲಿ ತಕ್ಕಡಿಯ ಮುಳ್ಳು ನಟ್ಟನಡುವೆ ನಿಂತೊಡನೆ ‘ಬರೋಬ್ಬರಿ ಆತು ನೋಡ್ರಿ’ ಅಂತಾರೆ. ಬೆಟಗೇರಿಯಲ್ಲಿ ಸೀರೆಯ ಅಂಚಿಗೆ ಅಂಚು ಕೂಡಿದರೂ ಬರೋಬ್ಬರಿ. ಲಕ್ಷ್ಮೇಶ್ವರದ ಕಟ್ಟೆಯ ಮೇಲೆ ಹಿರಿಯರ ಮಾತು ಒಪ್ಪಿಗೆಯಾದರೂ ಬರೋಬ್ಬರಿ. ಪತ್ರಿಕೆಗಳು ‘ಬರೋಬ್ಬರಿ 10 ಲಕ್ಷ’ ಎಂದು ಬೆರಗಿಗೆ ಬಳಸುತ್ತವೆ. ನನಗೆ ತಕ್ಕಡಿಯ ಅರ್ಥವೇ ಇಷ್ಟ.

ಪದದ ಬೇರು ಪಾರಸಿ. ಮರಾಠಿಯ ‘ಬರೋಬರ್’ ಅದರ ನಂಟು. ಪಾರಸಿಯಲ್ಲಿ ‘ಬರ್’ ಎಂದರೆ ಎದೆ; ‘ಬರಾಬರ್’ ಅಂದರೆ ಎದೆಗೆ ಎದೆ, ಸರಿಸಮ. ಇಂಗ್ಲಿಷಿನ ‘ಅಬ್ರೆಸ್ಟ್’ ಪದದೊಳಗೂ ಇದೇ ಎದೆ! ‘ಕೀಪ್ ಅಬ್ರೆಸ್ಟ್’ ಎಂದರೆ ಹೊಸ ವಿದ್ಯಮಾನಗಳಿಗೆ ಹೆಗಲೆಣೆಯಾಗಿ ನಡೆಯುವುದು, ಹಿಂದೆ ಬೀಳದಿರುವುದು.

ಶಿರಹಟ್ಟಿ, ಮುಂಡರಗಿಯ ಮಾಸ್ತರರೇ, ಈ ನುಡಿಗಟ್ಟು ಕಲಿಸುವಾಗ ಮಕ್ಕಳಿಗೆ ಬರೋಬ್ಬರಿಯನ್ನೂ ನೆನಪಿಸಿ.