ಅವ್ವನ ಹಲ್ಲು ಮತ್ತು ಕಾಂತದ ತಿರುಪು

ಹೋದ ವರ್ಷ ಯುಗಾದಿಗೆ ಕದರಮಂಡಲಗಿಗೆ ಹೋದಾಗ ಅವ್ವ ಕೆನ್ನೆಗೆ ಕೈಯಿಟ್ಟುಕೊಂಡೇ ಹೋಳಿಗೆ ಬೇಯಿಸುತ್ತಿದ್ದಳು. ರೂಟ್ ಕೆನಾಲ್ ಮಾಡಿಸಿ ವರ್ಷ ತುಂಬಿರಲಿಲ್ಲ. ಅದೇ ಹಲ್ಲು ಮತ್ತೆ ನೋಯುತ್ತಿತ್ತು. ‘ಸಣ್ಣ ಸಣ್ಣ ಕಣ ಮಾಡಾಕತ್ತೀನಿ ಅಂತಿ. ಇದಕ್ಕೇನರ ಉಪಯೋಗ ಐತೇನು ತಮ್ಮಾ?’ ಎಂದಳು. ಇಲ್ಲ ಎಂದೆ. ನನ್ನ ಪಿಎಚ್.ಡಿ. ಇರುವುದು ಪ್ಲಾಟಿನಂ ನ್ಯಾನೊಕಣಗಳು ವೇಗವರ್ಧಕಗಳಾಗಿ ಹೇಗೆ ಕೆಲಸ ಮಾಡುತ್ತವೆ ಎಂಬುದರ ಮೇಲೆ. ಹಲ್ಲಿಗೂ ಅದಕ್ಕೂ ಏನು ಸಂಬಂಧ? ಬೆಂಗಳೂರಿಗೆ ಮರಳಿ ಹಳೆಯ ಪ್ರಬಂಧಗಳನ್ನು ತಿರುವಿದಾಗ ಸಂಬಂಧವೇನೋ ಸಿಕ್ಕಿತು. ಆದರೆ ಆ ಕತೆಯಲ್ಲಿ ನನ್ನ ಪ್ಲಾಟಿನಂ ಸೋತಿತ್ತು.

ದೇಹದೊಳಗೆ ಪುಟ್ಟ ಯಂತ್ರ ಕಳಿಸುವ ಮಾತನ್ನು 1959ರ ಉಪನ್ಯಾಸವೊಂದರಲ್ಲಿ ರಿಚರ್ಡ್ ಫೈನ್‌ಮನ್ ಆಡಿದ್ದರು. ಶಸ್ತ್ರವೈದ್ಯನನ್ನೇ ನುಂಗುವ ಆ ಕಲ್ಪನೆ ಅವರ ಗೆಳೆಯ ಆಲ್ಬರ್ಟ್ ಹಿಬ್ಸ್ ಅವರದು. ನುಂಗಿದ ಮೇಲೆ ಅದು ಚಲಿಸಬೇಕಲ್ಲ! 2004ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಯುಷ್ಮಾನ್ ಸೇನ್, ಥಾಮಸ್ ಮಲೂಕ್ ಮತ್ತು ಸಂಗಡಿಗರು ಒಂದು ಉತ್ತರ ಕೊಟ್ಟರು. ಅರ್ಧ ಚಿನ್ನ, ಅರ್ಧ ಪ್ಲಾಟಿನಂ ಇರುವ, 2 ಮೈಕ್ರೊಮೀಟರ್ ಉದ್ದದ ಕಡ್ಡಿ. ಅದನ್ನು ಹೈಡ್ರೊಜನ್ ಪೆರಾಕ್ಸೈಡ್ ಬೆರೆಸಿದ ನೀರಿಗೆ ಬಿಟ್ಟರೆ, ಪೆರಾಕ್ಸೈಡ್ ಒಡೆಯುತ್ತದೆ, ಕಡ್ಡಿ ತಾನಾಗಿ ಈಜುತ್ತದೆ. ಪ್ಲಾಟಿನಂ ಮಾತ್ರ ಖರ್ಚಾಗುವುದಿಲ್ಲ, ವೇಗವರ್ಧಕದ ಗುಣವೇ ಅದು. ಈ ಪ್ರಬಂಧ ಓದಿದಾಗೆಲ್ಲ ನನಗೆ ನನ್ನವರೇ ಗೆದ್ದಷ್ಟು ಖುಷಿ. ಆದರೆ ಪೆರಾಕ್ಸೈಡನ್ನು ರಕ್ತಕ್ಕೆ ತುಂಬುವಂತಿಲ್ಲ. ಮೇಲಾಗಿ ಉಪ್ಪಿರುವ ದ್ರವದಲ್ಲಿ ಕಡ್ಡಿಯ ಓಟ ಕುಂದುತ್ತದೆ. ರಕ್ತವೋ ಉಪ್ಪುಪ್ಪು.

ಬೇರೆ ದಾರಿ ತೋರಿಸಿದ್ದು ಬ್ಯಾಕ್ಟೀರಿಯಾ. ಅಷ್ಟು ಸಣ್ಣ ಜೀವಿಗೆ ನೀರೆಂದರೆ ನಾವು ಜೋನಿಬೆಲ್ಲದಲ್ಲಿ ಬಿದ್ದ ಹಾಗೆ. ಹಿಂದೆ ಮುಂದೆ ಬಡಿದಾಡಿದರೆ ಇದ್ದಲ್ಲೇ ಇರಬೇಕು. ತಿರುಪಿನಂತೆ ತಿರುಗಿದರೆ ಮುಂದೆ ಹೋಗಬಹುದು. 1977ರಲ್ಲಿ ಎಡ್ವರ್ಡ್ ಪರ್ಸೆಲ್ ಇದನ್ನು ಬಲು ಸೊಗಸಾಗಿ ಬರೆದರು. 2009ರಲ್ಲಿ ಹಾರ್ವರ್ಡ್‌ನ ಅಂಬರೀಷ್ ಘೋಷ್ ಮತ್ತು ಪೀರ್ ಫಿಷರ್ ಅಂಥ ತಿರುಪನ್ನೇ ಮಾಡಿದರು. ಸಿಲಿಕಾದ ಆವಿಯನ್ನು ಓರೆಯಾಗಿ ಬೀಳಿಸುತ್ತ ಕೆಳಗಿನ ತಟ್ಟೆಯನ್ನು ತಿರುಗಿಸಿದರೆ ಗಾಜು ಸುರುಳಿಯಾಗಿ ಬೆಳೆಯುತ್ತದೆ. ಅದಕ್ಕೆ ಕೋಬಾಲ್ಟ್ ಲೇಪನ. ಹೊರಗೆ ಕಾಂತಕ್ಷೇತ್ರ ತಿರುಗಿದರೆ ಒಳಗೆ ತಿರುಪೂ ತಿರುಗುತ್ತದೆ, ಇಂಧನವೇ ಬೇಡ. (ಇದನ್ನು ಫೋನಿನಲ್ಲಿ ಹೇಳುವಾಗ ‘ಕಾಂತ’ ಎಂದ ಕೂಡಲೇ ಅವ್ವ ‘ನಮ್ಮ ಕಾಂತೇಶಪ್ಪನ ಪುಣ್ಯಾ’ ಎಂದಳು. ನಮ್ಮೂರ ಹನುಮಪ್ಪನ ಹೆಸರದು, ನಾನು ತಿದ್ದಲಿಲ್ಲ.)

ಘೋಷ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಇದೇ ಕೆಲಸ ಮುಂದುವರಿಸಿದರು. 2022ರಲ್ಲಿ ಅವರ ತಂಡ ಹಲ್ಲಿಗೆ ಕೈ ಹಾಕಿತು. ಹಲ್ಲಿನ ದಂತದ್ರವ್ಯದಲ್ಲಿ ಕಣ್ಣಿಗೆ ಕಾಣದ ಕೊಳವೆಗಳಿವೆ. ರೂಟ್ ಕೆನಾಲ್‌ನಲ್ಲಿ ಎಷ್ಟು ಚೊಕ್ಕವಾಗಿ ತೊಳೆದರೂ ಅವುಗಳ ಆಳದಲ್ಲಿ ಎಂಟೆರೊಕಾಕಸ್ ಫೀಕಾಲಿಸ್‌ನಂಥ ಬ್ಯಾಕ್ಟೀರಿಯಾ ಅಡಗಿ ಉಳಿಯಬಲ್ಲದು. ಅಂದರೆ ಅವ್ವ ಬೈಯುತ್ತಿದ್ದ ಡಾಕ್ಟರರದು ತಪ್ಪಿರಲಿಕ್ಕಿಲ್ಲ. ಅಲ್ಟ್ರಾಸೌಂಡ್, ಲೇಸರ್ ವಿಧಾನಗಳು 800 ಮೈಕ್ರೊಮೀಟರ್ ಆಳ ಮುಟ್ಟಿದರೆ, ಕಬ್ಬಿಣ ಲೇಪಿಸಿದ ಈ ತಿರುಪುಗಳು 2000 ಮೈಕ್ರೊಮೀಟರ್‌ವರೆಗೆ ಹೋದವು. ಅಲ್ಲಿ ಕಾಂತಕ್ಷೇತ್ರವನ್ನು ಬದಲಿಸಿ ಅವುಗಳನ್ನು ಬಿಸಿ ಮಾಡಿದಾಗ ಸುತ್ತಲಿನ ಬ್ಯಾಕ್ಟೀರಿಯಾ ಸತ್ತವು. ಕಿತ್ತ ಹಲ್ಲುಗಳಲ್ಲಿ ನಡೆದ ಪ್ರಯೋಗವಿದು.

ಅವ್ವನ ಹಲ್ಲನ್ನೂ ಅಷ್ಟರಲ್ಲಿ ಕೀಳಿಸಿಯಾಗಿತ್ತು. ಇಷ್ಟೆಲ್ಲ ಕೇಳಿ ಅವಳು ಕೇಳಿದ್ದು ಒಂದೇ: ‘ಒಳಗ ಹೋದದ್ದು ಹೊರಗ ಬರ್ತೈತಿಲ್ಲೊ?’ ಬರುತ್ತದೆ, ಕಾಂತಕ್ಷೇತ್ರದಿಂದಲೇ ಹಿಂದಕ್ಕೆ ಕರೆಸಿಕೊಳ್ಳಬಹುದು ಎಂದೆ. ‘ಹಂಗಾರ ಇನ್ನೊಂದು ದವಡಿ ಹಲ್ಲು ಅಳ್ಳಾಡಾಕತ್ತೈತಿ, ಕೇಳಿ ನೋಡು,’ ಎಂದಳು.