ಡೆರ್, ಡೀ, ಡಾಸ್ ಮತ್ತು ಕಿಟೆಲ್ ಅಚ್ಚು ಹಾಕಿಸಿದ ‘ಉವಂ’

ಶನಿವಾರ ಬೆಳಿಗ್ಗೆ ನೋಯ್ಡಾದಿಂದ ಬ್ಲೂ ಲೈನ್ ಮೆಟ್ರೋ ಹತ್ತಿ, ಬಾರಾಖಂಬಾ ರೋಡ್‌ನಲ್ಲಿ ಇಳಿದು, ಕಸ್ತೂರಬಾ ಗಾಂಧಿ ಮಾರ್ಗದ ಮ್ಯಾಕ್ಸ್ ಮ್ಯೂಲರ್ ಭವನದ ಕಡೆ ನಡೆಯೋರಲ್ಲಿ ನಮ್ಮವರೂ ಇದ್ದಾರೆ. ಅಂಥವರೊಬ್ಬರು ನನ್ನ ಸ್ನೇಹಿತರು, ಹಾಸನದ ಕಡೆಯವರು, ಗುರುಗ್ರಾಮದಲ್ಲಿ ಕೆಲಸ. ಜರ್ಮನಿಯಲ್ಲಿ ಕೆಲಸ ಸಿಗೋ ಹಾಗಿದೆ, ಆದ್ರೆ ಭಾಷಾ ಪರೀಕ್ಷೆ ಒಮ್ಮೆ ಕೈಕೊಟ್ಟಿದೆ. ಎಡವಿದ್ದು ಎಲ್ಲಿ ಅಂದ್ರೆ ‘ಅದು, ಇದು, ಅವನು’ ಅನ್ನೋ ಸಣ್ಣ ಪದಗಳಲ್ಲಿ. “ಇಂಗ್ಲಿಷ್‌ನಲ್ಲೇ ಯೋಚನೆ ಮಾಡಿ ಕಲೀಬೇಕು ಮಾರಾಯ್ರೇ, ಕನ್ನಡ ಇಲ್ಲಿ ಉಪಯೋಗಕ್ಕೆ ಬರಲ್ಲ” ಅಂತ ಬೇಜಾರಲ್ಲಿ ಹೇಳಿದ್ರು. ನಂಗೆ ಆ ಮಾತು ಚುಚ್ಚಿತು. ಯಾಕಂದ್ರೆ ಈ ದಾರಿಯಲ್ಲಿ ಒಬ್ಬ ಜರ್ಮನ್ ಆ ಕಡೆಯಿಂದ ಈ ಕಡೆಗೆ ಆಗಲೇ ನಡೆದು ಬಂದಾಗಿದೆ.

ಫರ್ಡಿನಂಡ್ ಕಿಟೆಲ್. ಹುಟ್ಟಿದ್ದು 1832, ಜರ್ಮನಿಯ ಉತ್ತರ ತುದಿಯಲ್ಲಿ. ಬಾಸೆಲ್ ಮಿಷನ್ ಪರವಾಗಿ 1853ರಲ್ಲಿ ಕರ್ನಾಟಕಕ್ಕೆ ಬಂದರು. (ದೆಹಲಿಯ ಭವನಕ್ಕೆ ಹೆಸರು ಕೊಟ್ಟ ಮ್ಯಾಕ್ಸ್ ಮ್ಯೂಲರ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ, ಅದು ಬೇರೆ ಕಥೆ.) ಕಿಟೆಲ್ ಅಂದ್ರೆ ನಮಗೆ 1894ರ ನಿಘಂಟು, ಸುಮಾರು 70,000 ಪದ. ಆದರೆ ಅದಕ್ಕೂ ಮೊದಲು, 1872ರಲ್ಲಿ, ಮಂಗಳೂರಿನಿಂದ ಅವರು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಹೊರತಂದರು. ಅದು 13ನೇ ಶತಮಾನದ ಹಳಗನ್ನಡ ವ್ಯಾಕರಣ.

ಅದರಲ್ಲಿ ಒಂದು ಸೋಜಿಗ ಇದೆ. ನಮಗೆ ಗೊತ್ತಿರೋದು ಎರಡೇ: ಹತ್ತಿರದವನು ಇವನು, ದೂರದವನು ಅವನು. ಹಳಗನ್ನಡದಲ್ಲಿ ಮೂರು! ಅವಂ, ಇವಂ, ಜೊತೆಗೆ ‘ಉವಂ’. ತೀರಾ ಹತ್ತಿರವೂ ಅಲ್ಲ, ದೂರವೂ ಅಲ್ಲ, ನಡುವೆ ಇರೋನು. ಕಾಲ್ಡ್‌ವೆಲ್ 1856ರ ದ್ರಾವಿಡ ವ್ಯಾಕರಣದಲ್ಲೂ ಈ ಅ-ಇ-ಉ ಚರ್ಚೆ ಇದೆ. ಯಾಳ್ಪಾಣದ ತಮಿಳಿನಲ್ಲಿ ಆ ‘ಉ’ ಇವತ್ತಿಗೂ ಉಳಿದಿದೆ, ನಮ್ಮಲ್ಲಿ ಹೋಯ್ತು.

ಜರ್ಮನ್‌ನಲ್ಲೂ ಇಂಥದ್ದೇ ಸವಕಳಿ. ಪುಸ್ತಕದ ಪ್ರಕಾರ ‘ಡೀಸರ್’ ಅಂದ್ರೆ ಇವನು, ‘ಯೇನರ್’ ಅಂದ್ರೆ ಅವನು. ಆದ್ರೆ ಬರ್ಲಿನ್ ಬೀದಿಯಲ್ಲಿ ‘ಯೇನರ್’ ಕೇಳೋದು ಅಪರೂಪ, ಅದು ಬರಹದಲ್ಲಿ ಉಳಿದುಕೊಂಡಿರೋ ಪದ. ಮಾತಲ್ಲಿ ಡೆರ್, ಡೀ, ಡಾಸ್‌ಗಳೇ ಎಲ್ಲ ಕೆಲಸ ಮಾಡ್ತವೆ. ಹತ್ತಿರ-ದೂರ ಹೇಳಬೇಕಾದ್ರೆ ‘ಹೀರ್’ (ಇಲ್ಲಿ) ಅಥವಾ ‘ಡಾ’ (ಅಲ್ಲಿ) ಸೇರಿಸ್ತಾರೆ. ನಾವು ಕ್ಲಾಸಲ್ಲಿ ಬರೀ ‘ಆರ್ಟಿಕಲ್’ ಅಂತ ಕಂಠಪಾಠ ಮಾಡೋ ಈ ಡೆರ್-ಡೀ-ಡಾಸ್ ಹುಟ್ಟಿದ್ದೇ ‘ಅವನು-ಅವಳು-ಅದು’ ಆಗಿ. ಸಾವಿರ ವರ್ಷಕ್ಕೂ ಹಿಂದಿನ ಹಳೇ ಜರ್ಮನ್‌ನಲ್ಲಿ ಬೆರಳು ತೋರಿಸ್ತಿದ್ದ ಪದ ಮೆತ್ತಗಾಗಿ ಆರ್ಟಿಕಲ್ ಆಯ್ತು. ಒತ್ತಿ ಹೇಳಿದ್ರೆ ಹಳೇ ಬೆರಳು ಈಗಲೂ ಕಾಣುತ್ತೆ.

ಇನ್ನು ನನ್ನ ಸ್ನೇಹಿತರ ನಿಜವಾದ ಕಷ್ಟ: ಡೆನ್, ಡೆಮ್. ಇಂಗ್ಲಿಷ್ ಎರಡಕ್ಕೂ ‘ಹಿಮ್’ ಅಂದು ಕೈತೊಳ್ಕೊಳ್ಳುತ್ತೆ. ಕನ್ನಡ ಹಾಗೆ ಬಿಡಲ್ಲ. ‘ಡೆನ್ ಕೆನ್ನೆ ಇಷ್’: ಅವನನ್ನು ನಾನು ಬಲ್ಲೆ. ‘ಡೆಮ್ ಹೆಲ್ಫೆ ಇಷ್’: ಅವನಿಗೆ ನಾನು ಸಹಾಯ ಮಾಡ್ತೀನಿ. ಪದಗಳ ಕ್ರಮ ಬೇರೆ ಇರಬಹುದು, ಆದ್ರೆ ‘ಅನ್ನು’ ಮತ್ತು ‘ಇಗೆ’ ತಾನಾಗೇ ಬಂದು ಕೂತವು ನೋಡಿ. ಎಲ್ಲ ಕ್ರಿಯಾಪದಕ್ಕೂ ಹೀಗೆ ಹೊಂದುತ್ತೆ ಅಂತಲ್ಲ, ಆದ್ರೆ ಶುರು ಮಾಡೋಕೆ ಸಾಕು.

ಇನ್ನೊಂದು ಜೋಡಿ ನೋಡಿ. ನಮ್ಮಲ್ಲಿ ಅಲ್ಲಿ-ಎಲ್ಲಿ, ಅಷ್ಟು-ಎಷ್ಟು. ‘ಅ’ ತೋರಿಸುತ್ತೆ, ‘ಎ’ ಕೇಳುತ್ತೆ. ಜರ್ಮನ್‌ನಲ್ಲಿ ಡಾ-ವೋ, ಡಾನ್-ವಾನ್, ಡಾರುಮ್-ವಾರುಮ್. ‘ಡ’ ತೋರಿಸುತ್ತೆ, ‘ವ’ ಕೇಳುತ್ತೆ. ಭಾಷಾಕುಟುಂಬ ಬೇರೆ, ಉಪಾಯ ಒಂದೇ.

ಜಾಗ್ರತೆ ಬೇಕಾದ ಕಡೆಯೂ ಇದೆ. ತಮ್ಮನನ್ನ ಪರಿಚಯಿಸೋವಾಗ ಜರ್ಮನ್ನರು ‘ಡಾಸ್ ಇಸ್ಟ್...’ ಅಂತಾರೆ, ಅಂದ್ರೆ ‘ಇದು ನನ್ನ ತಮ್ಮ’. ನಮ್ಮಲ್ಲಿ ಹಾಗಂದ್ರೆ ತಮ್ಮ ಮುನಿಸ್ಕೊಂಡಾನು. ಎದುರಿಗೇ ಇರೋ ಹಿರಿಯರನ್ನ ತೋರಿಸಿ ‘ಡೆರ್’ ಅಂದ್ರೆ ಅವರಿಗೂ ಒರಟು, ನಾವು ‘ಅವನು’ ಅಂದ ಹಾಗೆ. ಮಗು ಮಾತ್ರ ಎರಡೂ ಕಡೆ ನಪುಂಸಕ: ‘ಡಾಸ್ ಕಿಂಡ್’, ನಮ್ಮ ‘ಮಗು ಅಳ್ತಿದೆ’.

ಕಿಟೆಲ್ 1903ರಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗಿಟ್ಟ ಅವರ ವ್ಯಾಕರಣ ಹೊರಬಂದದ್ದೂ ಅದೇ ವರ್ಷ. ನನ್ನ ಸ್ನೇಹಿತರಿಗೆ ಮುಂದಿನ ತಿಂಗಳು ಮತ್ತೆ ಪರೀಕ್ಷೆ. ನೋಟ್‌ಬುಕ್ಕಿನಲ್ಲಿ ಡೆನ್ ಪಕ್ಕ ‘ಅವನನ್ನು’, ಡೆಮ್ ಪಕ್ಕ ‘ಅವನಿಗೆ’ ಅಂತ ಬರ್ಕೊಂಡಿದ್ದಾರೆ. ‘ಹುಡುಗಿ’ ಯಾಕೆ ‘ಡಾಸ್’ ಆದಳು ಅಂತ ಮಾತ್ರ ಇನ್ನೂ ಜಗಳ ಆಡ್ತಿದ್ದಾರೆ.