ಬೆಕ್ಕಿನ ಮಧುಮೇಹ: ಆರೈಕೆಯ ಹಿಂದಿನ ಚರಿತ್ರೆ

ನಿಮ್ಮ ಮನೆಯ ಬೆಕ್ಕಿಗೆ ಎಂಟು-ಹತ್ತು ವರ್ಷವಾಗಿದೆ ಎನ್ನೋಣ. ಕೆಲವು ವಾರಗಳಿಂದ ಅದು ಬಟ್ಟಲ ನೀರನ್ನೆಲ್ಲ ಖಾಲಿ ಮಾಡುತ್ತಿದೆ, ಪದೇ ಪದೇ ಮೂತ್ರ ಮಾಡುತ್ತಿದೆ, ಹೊಟ್ಟೆ ತುಂಬ ತಿಂದರೂ ಬಡಕಲಾಗುತ್ತಿದೆ. ಕಿಟಕಿಗೆ ಜಿಗಿಯುವುದನ್ನು ಬಿಟ್ಟು, ಹಿಂಗಾಲುಗಳ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತಿದೆ. ಪಶುವೈದ್ಯರು ಪರೀಕ್ಷಿಸಿ ಮಧುಮೇಹ ಎನ್ನುತ್ತಾರೆ. ದಿನಕ್ಕೆ ಎರಡು ಬಾರಿ ಚುಚ್ಚುಮದ್ದು ಕೊಡಬೇಕು ಎಂದೊಡನೆ ಅನೇಕರು ಕೈಚೆಲ್ಲಿಬಿಡುತ್ತಾರೆ. ಆದರೆ ಬೆಕ್ಕಿನ ಮಧುಮೇಹಕ್ಕೆ ಒಂದು ವಿಶೇಷವುಂಟು. ಮೊದಲ ಕೆಲವು ತಿಂಗಳ ಆರೈಕೆ ಸರಿಯಾಗಿ ನಡೆದರೆ, ಎಷ್ಟೋ ಬೆಕ್ಕುಗಳು ಇನ್ಸುಲಿನ್ ಬೇಡದ ಸ್ಥಿತಿಗೆ ಮರಳುತ್ತವೆ. ಇಷ್ಟನ್ನು ತಿಳಿಯಲು ವಿಜ್ಞಾನಕ್ಕೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಯೋಸೆಫ್ ಫಾನ್ ಮೆರಿಂಗ್ ಮತ್ತು ಆಸ್ಕರ್ ಮಿಂಕೋವ್‌ಸ್ಕಿ ಅವರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದು ಮಧುಮೇಹವನ್ನು ಉಂಟುಮಾಡಿದ್ದು, 1921-22ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್, ಮ್ಯಾಕ್ಲಿಯಾಡ್ ಅವರಿಂದ ಇನ್ಸುಲಿನ್ ದೊರೆತದ್ದು ನಿಮಗೆ ತಿಳಿದೇ ಇದೆ. ಅಲ್ಲಿ ನಾಯಿಯದೇ ಪ್ರಧಾನ ಪಾತ್ರ. ಬೆಕ್ಕಿನ ಕಥೆಯನ್ನು ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ.

ಆ ಕಥೆಯಲ್ಲಿ 1911ನೇ ಇಸವಿ ಮುಖ್ಯವಾದದ್ದು. ಹಾರ್ವರ್ಡ್‌ನ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಮತ್ತು ಸಂಗಡಿಗರು ಆರೋಗ್ಯವಂತ ಬೆಕ್ಕುಗಳನ್ನು, ನೋವಾಗದಂತೆ ಆದರೆ ಅಲುಗಾಡದಂತೆ, ಕಟ್ಟಿ ಇರಿಸಿದರು. ಬೆಕ್ಕುಗಳು ಹೆದರಿದವು, ಕೆರಳಿದವು. ಆಮೇಲೆ ಅವುಗಳ ಮೂತ್ರವನ್ನು ಪರೀಕ್ಷಿಸಿದಾಗ ಅದರಲ್ಲಿ ಸಕ್ಕರೆ ಇತ್ತು! ಅಡ್ರಿನಲ್ ಗ್ರಂಥಿಗಳನ್ನು ತೆಗೆದ ಬೆಕ್ಕುಗಳಲ್ಲಿ ಮಾತ್ರ, ಅಷ್ಟೇ ಕೆರಳಿಸಿದರೂ, ಸಕ್ಕರೆ ಕಾಣಲಿಲ್ಲ. ಭಯಗೊಂಡಾಗ ಸ್ರವಿಸುವ ಅಡ್ರಿನಲಿನ್, ಯಕೃತ್ತಿನಲ್ಲಿ ಶೇಖರವಾಗಿರುವ ಗ್ಲೈಕೊಜನ್ನನ್ನು ಗ್ಲೂಕೋಸ್ ಆಗಿಸಿ ರಕ್ತಕ್ಕೆ ಬಿಡುತ್ತದೆ ಎಂಬ ವಿವರಣೆಗೆ ಇದು ಆಧಾರವಾಯಿತು. ಪ್ರಯೋಗ ಇಂದಿನ ಕಣ್ಣಿಗೆ ಕ್ರೂರವಾಗಿ ಕಂಡೀತು. ಆದರೆ ಅದರ ಫಲ ಈಗಲೂ ಬೆಕ್ಕುಗಳನ್ನೇ ಕಾಪಾಡುತ್ತಿದೆ. ಬುಟ್ಟಿಯಲ್ಲಿ ತುಂಬಿ, ಆಟೋರಿಕ್ಷಾದಲ್ಲಿ ಕುಲುಕಿಸಿ, ನಾಯಿಗಳು ಬೊಗಳುವ ಆಸ್ಪತ್ರೆಗೆ ತಂದ ಬೆಕ್ಕಿನ ರಕ್ತದಲ್ಲಿ ಗ್ಲೂಕೋಸ್ 300 ಮಿಲಿಗ್ರಾಂ ದಾಟಿದರೂ ಅದು ರೋಗವೇ ಆಗಿರಬೇಕಿಲ್ಲ. ಆದ್ದರಿಂದಲೇ ತಿಳಿದ ಪಶುವೈದ್ಯರು ಒಂದೇ ಅಳತೆಯನ್ನು ನಂಬುವುದಿಲ್ಲ. ಲಕ್ಷಣಗಳನ್ನು ಕೇಳಿ, ಮೂತ್ರವನ್ನು ನೋಡಿ, ರಕ್ತದಲ್ಲಿ ಫ್ರಕ್ಟೋಸಮೀನ್ ಅಳೆಯಿಸುತ್ತಾರೆ. ಗ್ಲೂಕೋಸ್ ಅಂಟಿಕೊಂಡ ರಕ್ತದ ಪ್ರೋಟೀನುಗಳಿಗೆ ಈ ಹೆಸರು. ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ಅದು ಹೇಳುತ್ತದೆ, ಅರ್ಧ ಗಂಟೆಯ ಹೆದರಿಕೆಯಿಂದ ಬದಲಾಗುವುದಿಲ್ಲ. ಮನೆಯಲ್ಲೇ ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ಅಳೆಯುವುದನ್ನು ಕಲಿಯಿರಿ ಎನ್ನುವುದೂ ಇದೇ ಕಾರಣಕ್ಕೆ.

ಇನ್ನು ಔಷಧದ ಮಾತು. ಫ್ರೆಡರಿಕ್ ಸ್ಯಾಂಗರ್ 1955ರ ವೇಳೆಗೆ ದನದ ಇನ್ಸುಲಿನ್ನಿನ 51 ಅಮೈನೋ ಆಮ್ಲಗಳ ಜೋಡಣೆಯನ್ನು ಪೂರ್ತಿ ಬಿಡಿಸಿದರು; 1958ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಮುಂದೆ ಬೇರೆ ಬೇರೆ ಪ್ರಾಣಿಗಳ ಇನ್ಸುಲಿನ್ನನ್ನು ಹೋಲಿಸಿದಾಗ, ಬೆಕ್ಕಿನದು ದನದ್ದಕ್ಕಿಂತ ಕೇವಲ ಒಂದು ಅಮೈನೋ ಆಮ್ಲದಲ್ಲಿ ಭಿನ್ನವೆಂದು ಕಂಡುಬಂದಿತು. ಹಂದಿಯ ಇನ್ಸುಲಿನ್‌ಗೂ ಅದಕ್ಕೂ ಮೂರು, ಮನುಷ್ಯನದಕ್ಕೂ ಅದಕ್ಕೂ ನಾಲ್ಕು ವ್ಯತ್ಯಾಸಗಳು. 1982ರಲ್ಲಿ ತಳಿ ತಂತ್ರದಿಂದ ತಯಾರಿಸಿದ ಮಾನವ ಇನ್ಸುಲಿನ್ ಬಂದ ಮೇಲೆ ದನದ ಇನ್ಸುಲಿನ್ ಕ್ರಮೇಣ ಹಿಂದೆ ಸರಿಯಿತು. ಮನುಷ್ಯರಿಗೆ ಲಾಭವಾದ ಈ ಬದಲಾವಣೆಯಿಂದ ಬೆಕ್ಕು ತನಗೆ ಅತಿ ಹತ್ತಿರದ ಔಷಧವನ್ನು ಕಳೆದುಕೊಂಡಿತೆನ್ನಬಹುದು. ಅದೃಷ್ಟಕ್ಕೆ ನಾಲ್ಕು ವ್ಯತ್ಯಾಸಗಳಿದ್ದರೂ ಮಾನವ ಇನ್ಸುಲಿನ್ ಬೆಕ್ಕಿನಲ್ಲಿ ಕೆಲಸ ಮಾಡುತ್ತದೆ.

1987ರಲ್ಲಿ ಸ್ವೀಡನ್ನಿನ ಪೆರ್ ವೆಸ್ಟರ್‌ಮಾರ್ಕ್ ಮತ್ತು ಸಹೋದ್ಯೋಗಿಗಳು ಮಧುಮೇಹದ ಬೆಕ್ಕಿನ ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳಲ್ಲಿ ಶೇಖರವಾಗುವ ವಸ್ತುವನ್ನು ಬೇರ್ಪಡಿಸಿದರು. ಮನುಷ್ಯನ ಇನ್ಸುಲಿನ್ ಸ್ರವಿಸುವ ಗೆಡ್ಡೆಗಳಲ್ಲಿ ಸಿಕ್ಕಿದ ವಸ್ತುವೂ ಅದೇ ಬಗೆಯದು. ಈಗ ಅದನ್ನು ಅಮಿಲಿನ್ ಎನ್ನುತ್ತೇವೆ. ಇಲಿಯ ಅಮಿಲಿನ್ ಹೀಗೆ ಗಟ್ಟಿಯಾಗಿ ಕೂರುವುದಿಲ್ಲ. ಬೆಕ್ಕಿನದೂ ಮನುಷ್ಯನದೂ ಕೂರುತ್ತವೆ. ಅಂದರೆ ಬೆಕ್ಕಿಗೆ ಬರುವುದು ಬಹುಪಾಲು ನಮ್ಮ ಎರಡನೆಯ ಬಗೆಯ ಮಧುಮೇಹವೇ: ಬೊಜ್ಜು, ಇನ್ಸುಲಿನ್‌ಗೆ ಮಣಿಯದ ಅಂಗಾಂಶ, ದಣಿದ ಬೀಟಾ ಕೋಶಗಳು. ಏರಿದ ಗ್ಲೂಕೋಸ್ ತಾನೇ ಬೀಟಾ ಕೋಶಗಳನ್ನು ಮತ್ತಷ್ಟು ಕುಗ್ಗಿಸುತ್ತದೆ. ಬೇಗನೆ ಅದನ್ನು ಇಳಿಸಿದರೆ, ಅಳಿಯದೆ ಉಳಿದ ಕೋಶಗಳು ಚೇತರಿಸಿಕೊಳ್ಳುತ್ತವೆ. ಮೊದಲ ತಿಂಗಳುಗಳಿಗೆ ಇಷ್ಟು ಬೆಲೆ ಬಂದಿರುವುದು ಇದರಿಂದ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2009ರಲ್ಲಿ, ಹೊಸದಾಗಿ ರೋಗ ಪತ್ತೆಯಾದ 24 ಬೆಕ್ಕುಗಳ ಅಧ್ಯಯನವನ್ನು ಪ್ರಕಟಿಸಿದರು. ಎಲ್ಲಕ್ಕೂ ಕಾರ್ಬೊಹೈಡ್ರೇಟ್ ಕಡಿಮೆಯಿರುವ ಆಹಾರ, ದಿನಕ್ಕೆ ಎರಡು ಬಾರಿ ಇನ್ಸುಲಿನ್. ಗ್ಲಾರ್ಜಿನ್ ಎಂಬ ನಿಧಾನ ಇನ್ಸುಲಿನ್ ಪಡೆದ ಎಂಟಕ್ಕೆ ಎಂಟೂ ಬೆಕ್ಕುಗಳು ಚುಚ್ಚುಮದ್ದಿನಿಂದ ಬಿಡುಗಡೆ ಹೊಂದಿದವು. ಬೇರೆ ಎರಡು ಬಗೆಯ ಇನ್ಸುಲಿನ್ ಪಡೆದವುಗಳಲ್ಲಿ ಎಂಟಕ್ಕೆ ಮೂರು ಮತ್ತು ಎರಡು. ಎಂಟು ಚಿಕ್ಕ ಸಂಖ್ಯೆ, ಎಲ್ಲ ಕಡೆಯೂ ಹೀಗಾಗಲಿಲ್ಲ, ಬಿಡುಗಡೆಯಾದವುಗಳಲ್ಲಿ ಕೆಲವಕ್ಕೆ ರೋಗ ಮರುಕಳಿಸುವುದೂ ಉಂಟು. ಆದರೂ ದಿಕ್ಕು ಸ್ಪಷ್ಟವಾಗಿತ್ತು. ಆಹಾರದ ಪಾತ್ರವನ್ನೂ ಮರೆಯುವಂತಿಲ್ಲ. ಬೆಕ್ಕು ಅಪ್ಪಟ ಮಾಂಸಾಹಾರಿ. ಊಟದ ಗ್ಲೂಕೋಸನ್ನು ಚುರುಕಾಗಿ ಬಳಸಲು ನೆರವಾಗುವ ಗ್ಲೂಕೊಕೈನೇಸ್ ಕಿಣ್ವ ಅದರ ಯಕೃತ್ತಿನಲ್ಲಿ ತೀರ ಕಡಿಮೆ. ನಾವು ಪ್ರೀತಿಯಿಂದ ಕಲಸಿ ಇಡುವ ಹಾಲು-ಅನ್ನ ಇಂತಹ ಬೆಕ್ಕಿಗೆ ಹೊಂದುವ ಊಟವಲ್ಲ.

ಚುಚ್ಚುಮದ್ದಿನಲ್ಲಿ ನಮ್ಮ ದೇಶದವರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಇಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ ಸೀಸೆಗಳು ಬಳಕೆಯಲ್ಲಿವೆ, ಗ್ಲಾರ್ಜಿನ್‌ನಂತಹ 100 ಯೂನಿಟ್‌ನವೂ ಇವೆ. ಸಿರಿಂಜುಗಳೂ ಎರಡು ಬಗೆ. 40ರ ಸಿರಿಂಜಿನಲ್ಲಿ ಒಂದು ಗೆರೆಯವರೆಗೆ ಎಳೆದರೆ 0.025 ಮಿಲಿಲೀಟರ್, ಅದೇ ಗೆರೆಗೆ 100ರ ಸೀಸೆಯಿಂದ ಎಳೆದರೆ ಒಳಹೋಗುವುದು ಒಂದಲ್ಲ, ಎರಡೂವರೆ ಯೂನಿಟ್. ನಾಲ್ಕೈದು ಕಿಲೋ ತೂಕದ ಜೀವಕ್ಕೆ ಈ ಅಂತರ ಪ್ರಾಣಾಂತಕ. ತರಗತಿಯಲ್ಲಿ ಅನುಪಾತವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಾರದು.

ಬೀಟಾ ಕೋಶಗಳು ಚೇತರಿಸಿಕೊಂಡಾಗ ನಿನ್ನೆಯ ಪ್ರಮಾಣವೇ ಇಂದು ಅತಿಯಾಗಬಹುದು. ಬೆಕ್ಕು ತೂರಾಡಿದರೆ, ನಿತ್ರಾಣವಾದರೆ, ನಡುಗಿದರೆ ಒಸಡಿಗೆ ಜೇನು ಅಥವಾ ಗ್ಲೂಕೋಸ್ ನೀರು ಸವರಿ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. ಊಟ ಮುಟ್ಟದ ದಿನ ವೈದ್ಯರನ್ನು ಕೇಳದೆ ಎಂದಿನ ಪ್ರಮಾಣವನ್ನು ಚುಚ್ಚಬೇಡಿ.

ಈಗ ಬಾಯಿಂದ ಕೊಡುವ ಔಷಧವೂ ಬಂದಿದೆ. ಸೇಬಿನ ಮರದ ತೊಗಟೆಯಲ್ಲಿರುವ ಫ್ಲೊರಿಜಿನ್ ಮೂತ್ರದಲ್ಲಿ ಸಕ್ಕರೆ ಹೋಗುವಂತೆ ಮಾಡುತ್ತದೆಂದು 1886ರಲ್ಲಿ ತೋರಿಸಿದವರು ಅದೇ ಫಾನ್ ಮೆರಿಂಗ್. ಅದೇ ತತ್ತ್ವದ ಮೇಲೆ, ಮೂತ್ರಪಿಂಡ ಗ್ಲೂಕೋಸನ್ನು ಮರಳಿ ಹೀರದಂತೆ ತಡೆಯುವ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ 2022ರ ಡಿಸೆಂಬರ್‌ನಲ್ಲಿ, ವೆಲಾಗ್ಲಿಫ್ಲೋಜಿನ್ ದ್ರವಕ್ಕೆ 2023ರಲ್ಲಿ ಅಮೆರಿಕ ಅನುಮತಿ ನೀಡಿತು. ಇನ್ಸುಲಿನ್ ಪಡೆದಿರದ, ಉಳಿದಂತೆ ಆರೋಗ್ಯವಾಗಿರುವ ಬೆಕ್ಕುಗಳಿಗೆ ಮಾತ್ರ ಈ ಅನುಮತಿ. ಬೆಕ್ಕಿನಲ್ಲಿ ಇನ್ಸುಲಿನ್ ಸ್ರಾವ ತೀರ ಕುಸಿದಿದ್ದರೆ ರಕ್ತದ ಗ್ಲೂಕೋಸ್ ಸರಿಯಾಗಿ ಕಂಡರೂ ಒಳಗೆ ಕೀಟೋನುಗಳು ಏರಿ ಜೀವಕ್ಕೆ ಅಪಾಯವಾಗಬಹುದು. ಹಾಗಾಗಿ ಈ ಔಷಧ ಕೊಡುವ ಮನೆಯಲ್ಲಿ ಗ್ಲೂಕೋಸ್ ಜೊತೆಗೆ ಕೀಟೋನನ್ನೂ, ಬೆಕ್ಕಿನ ಹಸಿವನ್ನೂ ಮೊದಲ ದಿನದಿಂದಲೇ ಗಮನಿಸುತ್ತಿರಬೇಕು.